ಎಡೆ ಯಾರಿಗೆ, ಎಷ್ಟು, ಯಾವಾಗ: ಹಬ್ಬದ ಆರು ವಾರಗಳ ಋಣ ಮತ್ತು ಆರೋಗ್ಯ

(ಶಿವಮೊಗ್ಗದಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರು ಮತ್ತು ಅವರ ಮನೆಯವರ ಮುಂದೆ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ನಮ್ಮ ಮಲೆನಾಡಿನಲ್ಲಿ ಹಬ್ಬ ಒಂದು ದಿನದ ಬಾಬತ್ತಲ್ಲ. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಟ್ಟ ಮರುದಿನವೇ ನವರಾತ್ರಿ ಹಿಡಿಯುತ್ತದೆ. ವಿಜಯದಶಮಿ ಕಳೆದು ಐದನೇ ದಿನಕ್ಕೆ ಭೂಮಿ ಹುಣ್ಣಿಮೆ. ಅಲ್ಲಿಂದ ಹದಿನೈದು ದಿನಕ್ಕೆ ದೊಡ್ಡಬ್ಬ, ಅಂದರೆ ದೀಪಾವಳಿ. ಬಲಿಪಾಡ್ಯಮಿಯಿಂದ ಹನ್ನೆರಡನೇ ದಿನಕ್ಕೆ ತುಳಸಿ ಪೂಜೆ. ಕೂಡಿಸಿ ನೋಡಿದರೆ ಸುಮಾರು ಆರು ವಾರ. ಇದೇ ಆರು ವಾರದಲ್ಲಿ ಮಳೆ ಹಿಂದೆ ಸರಿಯುತ್ತದೆ, ಭತ್ತ ಹೊಡೆ ತುಂಬುತ್ತದೆ, ಅಡಿಕೆ ಕೊನೆ ಇಳಿಸುವ ಕೆಲಸ ಶುರುವಾಗುತ್ತದೆ, ಬೆಂಗಳೂರಿನಲ್ಲಿರುವ ಮಕ್ಕಳು ಊರಿಗೆ ಬರುತ್ತಾರೆ. ಮನೆಯ ಕೆಲಸ, ತೋಟದ ಕೆಲಸ, ನೆಂಟರ ಉಪಚಾರ ಎಲ್ಲ ಒಟ್ಟಿಗೇ ತಲೆ ಮೇಲೆ ಬೀಳುವ ಕಾಲ ಇದು.

ಈ ಹಬ್ಬಗಳಲ್ಲಿ ಒಂದೊಂದೂ ಯಾರದೋ ಋಣ ನೆನೆಯುವುದಕ್ಕೇ ಇರುವಂಥದ್ದು. ಹಿರಿಯರದ್ದು, ಆಯುಧಗಳದ್ದು, ಭೂಮಿಯದ್ದು, ದನಗಳದ್ದು. ಆದರೆ ಬೆಳಗಿನ ನಾಲ್ಕಕ್ಕೆ ಎದ್ದು ಒಲೆ ಹಚ್ಚಿ, ಎಲ್ಲರ ಊಟ ಮುಗಿದ ಮೇಲೆ ಮೂರು ಗಂಟೆಗೆ ತಣ್ಣಗಾದ ಅನ್ನ ಉಣ್ಣುವವಳ ಋಣಕ್ಕೆ ಪಂಚಾಂಗದಲ್ಲಿ ತಿಥಿ ಇಲ್ಲ. ಹಬ್ಬದಲ್ಲಿ ಆರೋಗ್ಯ ಕೆಡುವುದಕ್ಕೂ ಈ ಋಣ ಸಲ್ಲದೆ ಉಳಿಯುವುದಕ್ಕೂ ನೇರ ಸಂಬಂಧ ಇದೆ ಎಂಬುದನ್ನು ತೋರಿಸುವುದಕ್ಕೆ ಇವತ್ತಿನ ಮಾತು. ಒಬ್ಬಟ್ಟು ಕಡಿಮೆ ತಿನ್ನಿ, ಬೇಗ ಮಲಗಿ ಎಂಬ ಉಪದೇಶವನ್ನು ನೀವು ಬೇಕಾದಷ್ಟು ಕೇಳಿದ್ದೀರಿ.

ಮೊದಲು ಭೂಮಿ ಹುಣ್ಣಿಮೆಯನ್ನೇ ನೋಡೋಣ. ಸಾಗರ, ಸೊರಬ, ಹೊಸನಗರದ ಕಡೆ ದೀವರ ಸಮುದಾಯದ ಮನೆಗಳಲ್ಲಿ ಬಿದಿರಿನ ಬುಟ್ಟಿಗೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ. ಅದು ಭೂಮಣ್ಣಿ ಬುಟ್ಟಿ. ಹೊಡೆ ತುಂಬಿದ ಗದ್ದೆಯನ್ನು ಬಸುರಿಯೆಂದು ಬಗೆದು ಬಯಕೆಯ ಊಟ ಬಡಿಸುವ ಹಬ್ಬ. ರಾತ್ರಿಯಿಡೀ ಬೇಯಿಸಿದ ಕಡುಬು, ಬಗೆಬಗೆಯ ಸೊಪ್ಪು ಕುಡಿ ಹಾಕಿದ ಹಚ್ಚಂಬ್ಲಿ, ಎಲ್ಲವನ್ನೂ ಬೆಳಕು ಹರಿಯುವ ಮೊದಲೇ ಗದ್ದೆಗೆ ಹೊತ್ತು ಬೀರುತ್ತಾರೆ. ಬೀರುವಾಗ ಕೂಗುವ ಸಾಲಿನಲ್ಲಿ ಬೇಲಿ ಮೇಲಿನ ದಾರಹೀರೆ, ಗುಡ್ಡದ ಮೇಲಿನ ನೂರೊಂದು ಕುಡಿ ಎಂದು ತಂದದ್ದರ ಹೆಸರು ಬರುತ್ತದೆ. ಕಾಗೆಗೂ ಎಡೆ, ಇಲಿಗೂ ಎಡೆ. ಬೆಳೆ ತಿನ್ನುವ ಇಲಿಗೂ!

ಇಲ್ಲಿರುವ ಕ್ರಮವನ್ನು ಗಮನಿಸಿ. ಹೆಸರು ಹಿಡಿದು ಕೊಡುತ್ತಾರೆ, 'ಎಲ್ಲರಿಗೂ' ಎಂದು ಒಂದೇ ಮಾತಿನಲ್ಲಿ ಮುಗಿಸುವುದಿಲ್ಲ. ಒಬ್ಬೊಬ್ಬರಿಗೆ ಸಲ್ಲುವುದು ಚಿಕ್ಕ ಪಾಲು. ಅದನ್ನು ತಾವು ಉಣ್ಣುವ ಮೊದಲೇ, ತಾವೇ ನಡೆದು ಹೋಗಿ, ಕೈಯಾರೆ ಕೊಡುತ್ತಾರೆ. ಮನಸ್ಸಿನಲ್ಲೇ ಕೈಮುಗಿದು ಮನೆಯಲ್ಲಿ ಕೂತರೆ ಈ ಹಬ್ಬ ಆದಂತೆ ಅಲ್ಲ.

ಮನಶ್ಶಾಸ್ತ್ರದವರು ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ಈಚೆಗೆ ಕಂಡುಕೊಂಡದ್ದೂ ಇದಕ್ಕೆ ದೂರವಿಲ್ಲ. 2003ರಲ್ಲಿ ಅಮೆರಿಕದ ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲೋ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಗುಂಪಿನವರು ವಾರಕ್ಕೊಮ್ಮೆ, ಹತ್ತು ವಾರ, ತಮಗೆ ಒದಗಿದ ಉಪಕಾರಗಳನ್ನು ಐದರವರೆಗೆ ಪಟ್ಟಿ ಮಾಡಿದರು. ಇನ್ನೊಂದು ಗುಂಪಿನವರು ಕಿರಿಕಿರಿಗಳನ್ನು ಬರೆದರು. ಉಪಕಾರ ಬರೆದವರು ಬದುಕಿನ ಬಗ್ಗೆ ಹೆಚ್ಚು ಸಮಾಧಾನ ಹೇಳಿಕೊಂಡರು, ಅವರ ಮೈಕೈ ತೊಂದರೆಗಳ ದೂರು ಕಡಿಮೆಯಾಗಿತ್ತು, ವ್ಯಾಯಾಮಕ್ಕೂ ಹೆಚ್ಚು ಹೊತ್ತು ಕೊಟ್ಟಿದ್ದರು. ಸೋನ್ಯಾ ಲ್ಯುಬೊಮಿರ್ಸ್ಕಿ ಮತ್ತು ಸಂಗಡಿಗರ ಪ್ರಯೋಗದಲ್ಲಿ ವಾರಕ್ಕೊಮ್ಮೆ ಬರೆದವರಿಗೆ ಗುಣ ಕಂಡಿತು, ವಾರಕ್ಕೆ ಮೂರು ಸಲ ಬರೆದವರಿಗೆ ಕಾಣಲಿಲ್ಲ. ಅಭ್ಯಾಸ ಕಾಟಾಚಾರಕ್ಕೆ ಇಳಿದರೆ ಫಲ ಇಲ್ಲ ಎಂದು ಇದನ್ನು ಅರ್ಥ ಮಾಡಿಕೊಳ್ಳಬಹುದು. 2005ರಲ್ಲಿ ಮಾರ್ಟಿನ್ ಸೆಲಿಗ್‌ಮನ್ ತಂಡ ಉಪಕಾರ ಮಾಡಿದವರಿಗೆ ಪತ್ರ ಬರೆದು, ಅದನ್ನು ಅವರ ಮುಂದೆಯೇ ಓದಿ ಹೇಳುವ ಕ್ರಮವನ್ನು ಪರೀಕ್ಷಿಸಿತು. ಅದರ ಪರಿಣಾಮ ಎಲ್ಲಕ್ಕಿಂತ ಜೋರಾಗಿತ್ತು, ಆದರೆ ಒಂದು ತಿಂಗಳು ಉಳಿದು ಆಮೇಲೆ ಮಾಸಿತು. ಅದೇ ತಂಡ ಇನ್ನೊಂದು ಗುಂಪಿಗೆ ಒಂದು ವಾರ ಪ್ರತಿರಾತ್ರಿ ಆ ದಿನದ ಮೂರು ಒಳ್ಳೆಯ ಸಂಗತಿಗಳನ್ನೂ ಅವಕ್ಕೆ ಕಾರಣವನ್ನೂ ಬರೆಯಲು ಹೇಳಿತ್ತು. ಅವರಲ್ಲಿ ಗುಣ ಆರು ತಿಂಗಳವರೆಗೂ ಕಂಡಿತು. ಒಟ್ಟಾರೆ ಲಾಭ ಸಾಧಾರಣ ಪ್ರಮಾಣದ್ದು. ಖಿನ್ನತೆಗೆ ಇದು ಮದ್ದಲ್ಲ. ಹಾಗೆಂದು ಯಾರಾದರೂ ಹೇಳಿದರೆ ನಂಬಬೇಡಿ.

ಹಾಗಾದರೆ ಮನೆಯಲ್ಲಿ ಮಾಡುವುದು ಹೇಗೆ? ಒಂದು ಇನ್ನೂರು ಪುಟದ ನೋಟ್‌ಬುಕ್ ಸಾಕು. ಮಹಾಲಯದಿಂದ ತುಳಸಿ ಪೂಜೆವರೆಗೆ ವಾರಕ್ಕೊಂದು ರಾತ್ರಿ ಗೊತ್ತು ಮಾಡಿಕೊಳ್ಳಿ, ಅಡುಗೆಮನೆಯ ದೀಪ ಆರಿಸುವ ಮೊದಲು ಹತ್ತು ನಿಮಿಷ. ಮೂರರಿಂದ ಐದು ಸಾಲು ಬರೆಯಿರಿ. ಒಂದೊಂದು ಸಾಲಿನಲ್ಲೂ ಮೂರು ಅಂಶ ಇರಬೇಕು: ಯಾರು, ಏನು ಮಾಡಿದರು, ಅದಕ್ಕಾಗಿ ಅವರಿಗೆ ಏನು ಖರ್ಚಾಯಿತು. 'ದೇವರ ದಯೆಯಿಂದ ಎಲ್ಲ ಚೆನ್ನಾಗಿದೆ' ಎಂಬ ಸಾಲಿನಿಂದ ಏನೂ ಆಗುವುದಿಲ್ಲ. 'ಪಕ್ಕದ ಮನೆ ಶಾರದಕ್ಕ ತಮ್ಮ ಕೆಲಸ ಬಿಟ್ಟು ಎರಡು ಗಂಟೆ ಕೂತು ಚಕ್ಕುಲಿ ಒತ್ತಿಕೊಟ್ಟರು' ಎಂಬುದು ಕೆಲಸಕ್ಕೆ ಬರುವ ಸಾಲು. ಖರ್ಚಾದ ಹೊತ್ತು, ಶ್ರಮ ಬರೆದಾಗಲೇ ಅದನ್ನು ಹಿಂದಿರುಗಿಸುವ ದಾರಿ ಹೊಳೆಯುತ್ತದೆ. ಬರೆಯಲು ಬಾರದ ಹಿರಿಯರು ಹೇಳಲಿ, ಮೊಮ್ಮಕ್ಕಳು ಬರೆದುಕೊಳ್ಳಲಿ. ಆ ವಾರದ ಒಂದು ಸಾಲನ್ನಾದರೂ ಸಂಬಂಧಪಟ್ಟವರಿಗೆ ಬಾಯಿಬಿಟ್ಟು ಹೇಳಿ. ವಾಟ್ಸಾಪಿನಲ್ಲಿ ದೀಪದ ಚಿತ್ರ ಕಳಿಸಿದ್ದು ಲೆಕ್ಕಕ್ಕೆ ಬರುವುದಿಲ್ಲ!

ಈಗ ಅಡುಗೆಮನೆಗೆ ಬರೋಣ. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು.

ಹಬ್ಬದ ದಿನ ಹೆಚ್ಚು ಕೆಡುವುದು ಊಟದ ಹೊತ್ತು. ಪೂಜೆ ಮುಗಿಯುವುದು ಒಂದೂವರೆಗೆ, ಮೊದಲ ಪಂಕ್ತಿ ಎರಡಕ್ಕೆ, ಬಡಿಸಿದವರ ಊಟ ಮೂರಕ್ಕೆ. ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ಅಥವಾ ಗ್ಲಿಬೆನ್‌ಕ್ಲಮೈಡ್ ತೆಗೆದುಕೊಳ್ಳುವವರು ನಿತ್ಯದ ರೂಢಿಯಂತೆ ಬೆಳಿಗ್ಗೆ ಎಂಟಕ್ಕೆ ಮಾತ್ರೆ ನುಂಗಿ, ಪೂಜೆ ಆಗಲಿ ಎಂದು ತಿಂಡಿ ಬಿಟ್ಟಿರುತ್ತಾರೆ. ಈ ಮಾತ್ರೆಗಳು ಹೊಟ್ಟೆಗೆ ಅನ್ನ ಬಿದ್ದಿದೆಯೋ ಇಲ್ಲವೋ ನೋಡುವುದಿಲ್ಲ, ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತಲೇ ಇರುತ್ತವೆ. ರಕ್ತದ ಸಕ್ಕರೆ 70ಕ್ಕಿಂತ ಕೆಳಗೆ ಇಳಿಯುತ್ತದೆ. ಬೆವರು, ಕೈ ನಡುಕ, ಎದೆ ಡವಡವ, ಸಿಡುಕು, ಮಂಕು ಇದರ ಲಕ್ಷಣ. ಒಲೆಯ ಮುಂದೆ ನಿಂತವರಿಗೆ ಬೆವರು ಬಂದರೆ ಸೆಕೆ ಎನ್ನುತ್ತೇವೆ, ಸಿಡುಕಿದರೆ ಹಬ್ಬದ ದಿನವೂ ಇವಳದ್ದು ಇದೇ ಕತೆ ಎನ್ನುತ್ತೇವೆ. ಅಲ್ಲಿಯೇ ಅಪಾಯ ಕಣ್ಣು ತಪ್ಪಿಸುತ್ತದೆ.

ಇಂಥ ಲಕ್ಷಣ ಕಂಡರೆ ಕೂಡಲೇ ಕೂರಿಸಿ, ಮೂರು ಟೀ ಚಮಚ ಸಕ್ಕರೆಯನ್ನು ಅರ್ಧ ಲೋಟ ನೀರಿನಲ್ಲಿ ಕರಗಿಸಿ ಕುಡಿಸಿ. ಅದು ಸುಮಾರು 15 ಗ್ರಾಂ ಆಗುತ್ತದೆ. 15 ನಿಮಿಷ ಕಾದು ಗ್ಲುಕೋಮೀಟರಿನಲ್ಲಿ ನೋಡಿ, ಇನ್ನೂ 70ಕ್ಕಿಂತ ಕಡಿಮೆ ಇದ್ದರೆ ಮತ್ತೆ ಅಷ್ಟೇ ಕೊಡಿ. ಸರಿಹೋದ ಮೇಲೆ ಎರಡು ಇಡ್ಲಿಯೋ ಒಂದು ಸೌಟು ಉಪ್ಪಿಟ್ಟೋ ತಿನ್ನಿಸಿ. ಈ ಹೊತ್ತಿಗೆ ಹೋಳಿಗೆ ಕೊಡುವುದು ಸರಿಯಲ್ಲ, ತುಪ್ಪ ಎಣ್ಣೆ ಸೇರಿದ ಸಿಹಿ ರಕ್ತಕ್ಕೆ ನಿಧಾನವಾಗಿ ಇಳಿಯುತ್ತದೆ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡಿ.

ಇದು ಬರದಂತೆ ತಡೆಯಲು ಹಬ್ಬಕ್ಕೆ ಒಂದು ವಾರ ಮೊದಲೇ ನಿಮ್ಮ ಡಾಕ್ಟರನ್ನು 'ಆ ದಿನ ಊಟ ಎರಡು ಗಂಟೆಗೆ, ಮಾತ್ರೆ ಯಾವಾಗ' ಎಂದು ಕೇಳಿ. ನೀವೇ ಡೋಸ್ ಬದಲಿಸಬೇಡಿ. ಊಟದ ಇನ್ಸುಲಿನ್ ಚುಚ್ಚಿಕೊಳ್ಳುವವರು ಎಲೆ ಹಾಕುವ ಹೊತ್ತು ಖಚಿತವಾಗುವವರೆಗೆ ಚುಚ್ಚಿಕೊಳ್ಳಬಾರದು. ಮೆಟ್‌ಫಾರ್ಮಿನ್ ಒಂದೇ ಆದರೆ ಸಕ್ಕರೆ ಹೀಗೆ ಕುಸಿಯುವುದು ಅಪರೂಪ, ಆದರೆ ಬರಿಹೊಟ್ಟೆಯಲ್ಲಿ ಹೊಟ್ಟೆ ತೊಳಸುತ್ತದೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುವವರಿಗೆ ನೀರೂ ಬಿಟ್ಟು ಮಾಡುವ ಉಪವಾಸ ಅಪಾಯ, ದೇಹದ ನೀರು ಬತ್ತಿ ರಕ್ತ ಆಮ್ಲೀಯವಾಗಬಹುದು. ಬಸುರಿಯರಿಗೂ ಇಂಥ ಉಪವಾಸ ಬೇಡ.

ಇನ್ನು ಯಾರೂ ಬಾಯಿಬಿಟ್ಟು ಹೇಳದ ಎರಡು ಸಂಗತಿ. ಒಂದು, ಮಡಿಯಲ್ಲಿ ಇರುವಾಗ ಪದೇ ಪದೇ ಮೂತ್ರಕ್ಕೆ ಹೋಗುವುದು ಕಷ್ಟ ಎಂದು ಹೆಂಗಸರು ನೀರು ಕುಡಿಯುವುದನ್ನೇ ಬಿಡುತ್ತಾರೆ, ಬಿಪಿಗೆ ಕೊಟ್ಟ ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಹಬ್ಬದ ದಿನ ತಪ್ಪಿಸುತ್ತಾರೆ. ಹೀಗೆ ಮಾಡಿದರೆ ಬಿಪಿ ಏರುತ್ತದೆ, ಮೂತ್ರದ ಸೋಂಕೂ ಹಿಡಿಯಬಹುದು. ಒಲೆಯ ಪಕ್ಕ ಒಂದು ಚೊಂಬು ನೀರು ಇಟ್ಟುಕೊಂಡು ಗಂಟೆಗೊಂದು ಲೋಟ ಕುಡಿಯಿರಿ. ಎರಡು, ಮುಟ್ಟು ಮುಂದೂಡುವ ಮಾತ್ರೆ. ನಾರೆತಿಸ್ಟಿರೋನ್ ಎಂಬ ಈ ಮಾತ್ರೆಯನ್ನು ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ತಂದು ನುಂಗುವುದು ನಮ್ಮಲ್ಲಿ ಮಾಮೂಲಾಗಿದೆ. ಮುಟ್ಟಿನ ದಿನಕ್ಕೆ ಮೂರು ದಿನ ಮೊದಲೇ ಶುರು ಮಾಡಬೇಕಾದದ್ದು, ತಡವಾದರೆ ಕೆಲಸ ಮಾಡದೇ ಹೋಗಬಹುದು. ಹಿಂದೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದವರು, ಪಾರ್ಶ್ವವಾಯು ಆದವರು, ಪಿತ್ತಜನಕಾಂಗದ ಕಾಯಿಲೆ ಇರುವವರು, ಸ್ತನದ ಕ್ಯಾನ್ಸರ್ ಆದವರು ಇದನ್ನು ಮುಟ್ಟಲೇಬಾರದು. ಉಳಿದವರೂ ಡಾಕ್ಟರನ್ನು ಕೇಳದೆ ತೆಗೆದುಕೊಳ್ಳಬಾರದು. ಮನೆಯಲ್ಲಿ ಇನ್ನೊಬ್ಬರು ಅಡುಗೆ ಮಾಡಬಲ್ಲರಾದರೆ ಈ ಮಾತ್ರೆಯ ಅವಶ್ಯಕತೆಯೇ ಬಹುಪಾಲು ಬೀಳುವುದಿಲ್ಲ ಎಂಬುದನ್ನು ಇಲ್ಲಿ ಕೂತಿರುವ ಗಂಡಸರು ಸ್ವಲ್ಪ ಯೋಚಿಸಬೇಕು.

ಕೆಲಸ ಹಂಚುವುದಕ್ಕೆ ಒಂದು ಉಪಾಯ. ಹಬ್ಬದ ನಾಲ್ಕು ದಿನ ಮೊದಲು ಕೆಲಸಗಳ ಪಟ್ಟಿ ಬರೆದು ಗೋಡೆಗೆ ಅಂಟಿಸಿ. ಅಡುಗೆ ಎಂದು ಒಂದೇ ಸಾಲು ಬರೆದರೆ ಅದು ಒಬ್ಬರ ತಲೆಗೇ ಬರುತ್ತದೆ. ಬಿಡಿಸಿ ಬರೆಯಿರಿ: ಕಾಯಿ ತುರಿಯುವುದು, ಬೇಳೆ ಬೇಯಿಸಿ ಬಸಿಯುವುದು, ಹೂರಣ ರುಬ್ಬುವುದು, ಕಡುಬಿಗೆ ಎಲೆಯ ಕೊಟ್ಟೆ ಕಟ್ಟುವುದು, ಬಾಳೆಲೆ ಕೊಯ್ದು ಒರೆಸುವುದು, ಬಡಿಸುವುದು, ಎಂಜಲು ತೆಗೆಯುವುದು, ದೊಡ್ಡ ಪಾತ್ರೆ ತಿಕ್ಕುವುದು. ಒಂದೊಂದರ ಮುಂದೆ ಒಂದೊಂದು ಹೆಸರು. ದೊಡ್ಡ ಪಾತ್ರೆಯ ಮುಂದೆ ಊರಿಗೆ ಬಂದ ಮಗನದ್ದೋ ಅಳಿಯನದ್ದೋ ಹೆಸರಿರಲಿ. ಅಳಿಯನಿಗೆ ಪಾತ್ರೆಯೇ ಎಂದು ಅತ್ತೆಯವರು ಹೌಹಾರಬಹುದು. ಒಂದು ವರ್ಷ ಮಾಡಿದರೆ ಎಲ್ಲರಿಗೂ ಅಭ್ಯಾಸವಾಗುತ್ತದೆ. ಕೊಟ್ಟೆ ಕಡುಬು ಹದವಾಗಿ ಬೇಯಲು ಅರ್ಧದಿಂದ ಮುಕ್ಕಾಲು ಗಂಟೆ ಬೇಕು, ದೊಡ್ಡ ಕುಟುಂಬಕ್ಕೆ ಹಲವು ಒಬ್ಬೆ (ಒಂದು ಸಲಕ್ಕೆ ಬೇಯಿಸುವಷ್ಟು) ಆಗುತ್ತದೆ. ಭೂಮಿ ಹುಣ್ಣಿಮೆಯ ರಾತ್ರಿ ಇದನ್ನು ಇಬ್ಬಿಬ್ಬರು ಪಾಳಿಯಲ್ಲಿ ಮಾಡಿ, ಒಂದು ಜೊತೆ ಹತ್ತರಿಂದ ಒಂದೂವರೆ, ಇನ್ನೊಂದು ಒಂದೂವರೆಯಿಂದ ಐದು. ರಾತ್ರಿಯಿಡೀ ನಿದ್ದೆಗೆಟ್ಟ ಕೈಯಲ್ಲಿ ಕುದಿಯುವ ನೀರಿನ ಪಾತ್ರೆ ಇಳಿಸುವುದು ಬೇಡ.

ಇನ್ನೊಂದು ಸಣ್ಣ ಬದಲಾವಣೆ, ಇಡೀ ಭಾಷಣದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಅಡುಗೆ ಮಾಡಿದವರು ಮೊದಲ ಪಂಕ್ತಿಯಲ್ಲಿ ಕೂರಲಿ. ಉಳಿದವರು ಬಡಿಸಲಿ. ಕಾಗೆಗೆ, ಇಲಿಗೆ ತಾನು ಉಣ್ಣುವ ಮೊದಲು ಎಡೆ ಇಡುವ ಮನೆಗೆ ಇದು ಹೆಚ್ಚಿನ ಮಾತೇನಲ್ಲ. ಅವರ ಮಾತ್ರೆ ಹೊತ್ತಿಗೆ ಸರಿಯಾಗಿ ಬೀಳುತ್ತದೆ, ಕಾಲಿಗೆ ಒಂದು ಗಂಟೆ ವಿಶ್ರಾಂತಿ ಸಿಗುತ್ತದೆ, ಬಿಸಿ ಊಟವೂ ಸಿಗುತ್ತದೆ.

ಊಟದ ಬಗ್ಗೆ ಬೇಗ ಮುಗಿಸುತ್ತೇವೆ. ಎಲೆಯ ಮೇಲೆ ಪಾಯಸ ಮೊದಲು ಬಿದ್ದರೂ ಕೈ ಮೊದಲು ಹೋಗಬೇಕಾದದ್ದು ಕೋಸಂಬರಿಗೆ, ಪಲ್ಯಕ್ಕೆ. ತರಕಾರಿ, ಬೇಳೆ ಮೊದಲು, ಅನ್ನ ಆಮೇಲೆ, ಸಿಹಿ ಕೊನೆಗೆ ತಿಂದರೆ ಊಟದ ನಂತರ ಸಕ್ಕರೆ ಅಷ್ಟು ಜಿಗಿಯುವುದಿಲ್ಲ. ಹೋಳಿಗೆ ತಿನ್ನುವ ದಿನ ಅನ್ನ ಅರ್ಧ ಮಾಡಿ. ಬೆಲ್ಲದ್ದು, ಸಕ್ಕರೆಯದ್ದಲ್ಲ ಎಂಬ ಸಮಾಧಾನ ಬೇಡ, ರಕ್ತದ ಸಕ್ಕರೆಯನ್ನು ಎರಡೂ ಹೆಚ್ಚುಕಡಿಮೆ ಒಂದೇ ರೀತಿ ಏರಿಸುತ್ತವೆ. ಉಂಡ ಮೇಲೆ ತೋಟದ ದಾರಿಯಲ್ಲಿ ಹದಿನೈದು ನಿಮಿಷ ನಡೆಯಿರಿ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಹೇಳುವ ಉಪ್ಪು 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದೊಳಗೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಮೂರೂ ಎಲೆಯ ಮೇಲಿದ್ದರೆ ಇದನ್ನು ದಾಟುವುದು ಸುಲಭ. ಮೂರರಲ್ಲಿ ಒಂದನ್ನು ಆರಿಸಿಕೊಳ್ಳಿ.

ಕಾಡು ಕುಡಿಗಳ ಬಗ್ಗೆ ಒಂದು ಎಚ್ಚರಿಕೆ. ಸೊಪ್ಪು ಗುರುತಿಸಬಲ್ಲ ಹಿರಿಯರು ಜೊತೆಗಿಲ್ಲದೆ ಗುಡ್ಡದಿಂದ ನೂರೊಂದು ಕುಡಿ ತರುವ ಸಾಹಸ ಬೇಡ, ಗೊತ್ತಿರುವ ಹತ್ತು ಬಗೆ ಸಾಕು. ಕೆಸುವಿಗೆ ಹುಣಸೆ, ಅಮಟೆ ಅಥವಾ ವಾಟೆಹುಳಿ ಧಾರಾಳವಾಗಿ ಹಾಕಿ ಚೆನ್ನಾಗಿ ಬೇಯಿಸಿ, ಇಲ್ಲವಾದರೆ ಅದರಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಹರಳುಗಳು ಗಂಟಲು ತುರಿಸುತ್ತವೆ. ಗದ್ದೆಗೆ ಒಯ್ಯುವ ಬುತ್ತಿಯಲ್ಲಿ ಮೊಸರನ್ನ ತಡೆಯುತ್ತದೆ, ಕಾಯಿಚಟ್ನಿ ತಡೆಯುವುದಿಲ್ಲ. ರಾತ್ರಿ ಮಾಡಿದ ಅನ್ನವನ್ನು ದೊಡ್ಡ ಪಾತ್ರೆಯಲ್ಲಿ ಮುಚ್ಚಿಟ್ಟರೆ ನಡುವಿನ ಅನ್ನ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ, ಅದರಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬೆಳೆದು ವಾಂತಿ ಬರಿಸುವ ವಿಷ ಬಿಡುತ್ತದೆ. ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಅನ್ನವನ್ನು ಅಗಲ ತಟ್ಟೆಗಳಲ್ಲಿ ಹರಡಿ ಬೇಗ ಆರಿಸಿ.

ದೊಡ್ಡಬ್ಬದ ಗೋಪೂಜೆಯಲ್ಲೂ ಪ್ರೀತಿ ಅಳತೆ ಮೀರಿದರೆ ಕೇಡು. ವರ್ಷವಿಡೀ ಹುಲ್ಲು ಮೇಯ್ದ ದನಕ್ಕೆ ಅಂದು ಒಂದೇ ಹೊತ್ತಿಗೆ ಅನ್ನ, ಕಡುಬು, ಹೋಳಿಗೆ, ಬಾಳೆಹಣ್ಣು. ಮನೆಯವರೆಲ್ಲ ಒಬ್ಬೊಬ್ಬರಾಗಿ ತಿನ್ನಿಸಿದರೆ ಬುಟ್ಟಿಗಟ್ಟಲೆ ಆಗುತ್ತದೆ. ದನದ ದೊಡ್ಡ ಹೊಟ್ಟೆಯಲ್ಲಿ ಪಿಷ್ಟ ಬೇಗ ಹುಳಿಯಾಗಿ ಆಮ್ಲ ಏರುತ್ತದೆ, ನಾರು ಕರಗಿಸುವ ಸೂಕ್ಷ್ಮಜೀವಿಗಳು ಸಾಯುತ್ತವೆ. ಮೆಲುಕು ನಿಲ್ಲುವುದು, ಎಡ ಪಕ್ಕೆ ಉಬ್ಬುವುದು, ನೀರಾದ ಸಗಣಿ, ತಲೆ ತಗ್ಗಿಸಿ ನಿಲ್ಲುವುದು ಇದರ ಗುರುತು. ಪೂಜೆಗೆ ಮೊದಲು ಹೊಟ್ಟೆ ತುಂಬ ಹುಲ್ಲು ಹಾಕಿ. ಆಮೇಲೆ ಇಡೀ ಮನೆಯ ಪರವಾಗಿ ಒಂದೆರಡು ಮುಷ್ಟಿ ಅನ್ನ, ಒಂದು ಕಡುಬು, ಅಷ್ಟೇ. ಚೆಂಡುಹೂ, ಪಚ್ಚೆತೆನೆ, ಅಡಿಕೆಯ ಮಾಲೆಯನ್ನು ಬಾಳೆಪಟ್ಟೆಯ ನಾರಿನಲ್ಲೇ ಕಟ್ಟಿ, ಪ್ಲಾಸ್ಟಿಕ್ ದಾರ ಬೇಡ. ಒಂದರ ಕೊರಳಿನದನ್ನು ಇನ್ನೊಂದು ತಿನ್ನುತ್ತದೆ, ಪ್ಲಾಸ್ಟಿಕ್ ಹೊಟ್ಟೆಯಲ್ಲೇ ಉಳಿಯುತ್ತದೆ. ಕೊಟ್ಟಿಗೆಯ ಹತ್ತಿರ ಪಟಾಕಿ ಹೊಡೆಯಬೇಡಿ. ಉಬ್ಬರ ಕಂಡರೆ ಪಶುವೈದ್ಯ ಸೇವೆಯ 1962ಕ್ಕೆ ಫೋನ್ ಮಾಡಿ.

ಅಭ್ಯಂಜನಕ್ಕೂ ಇದೇ ಮಾತು. ಹಂಡೆಗೆ ನೀರು ತುಂಬಿ ಪೂಜೆ ಮಾಡಿ, ಬೆಳಗಿನ ಜಾವ ಎಣ್ಣೆ ಹಚ್ಚಿ ಎರೆಯುವುದು ಎಲ್ಲರಿಗೂ ಪ್ರಿಯ. ವಯಸ್ಸಾದವರಿಗೆ, ಅದರಲ್ಲೂ ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ಸುಡುನೀರು ಬಿದ್ದಾಗ ಚರ್ಮದ ರಕ್ತನಾಳ ಹಿಗ್ಗಿ ಬಿಪಿ ಇಳಿಯುತ್ತದೆ. ಮಣೆಯಿಂದ ಥಟ್ಟನೆ ಎದ್ದರೆ ಕಣ್ಣು ಕತ್ತಲೆ, ಕೆಳಗೆ ಎಣ್ಣೆ ಬಿದ್ದ ಕಲ್ಲು. ಸೊಂಟದ ಮೂಳೆ ಮುರಿಯುವುದು ಹೀಗೆ. ನೀರನ್ನು ಮೊಣಕೈಗೆ ಹಿತವಾಗುವಷ್ಟು ಬೆರೆಸಿ, ಎಣ್ಣೆ ಹಚ್ಚಿ ಕಾಲು ಗಂಟೆ ಸಾಕು, ಸೀಗೆಪುಡಿಯಲ್ಲಿ ನೆಲವನ್ನೂ ತಿಕ್ಕಿ, ಮಿಂದ ಮೇಲೆ ಎರಡು ನಿಮಿಷ ಕೂತು ಗೋಡೆ ಹಿಡಿದು ಏಳಲಿ, ಬಾಗಿಲಿಗೆ ಅಗಳಿ ಹಾಕಬೇಡಿ. ಕೂಸುಗಳ ಮೂಗಿಗೆ, ಕಿವಿಗೆ ಎಣ್ಣೆ ಬಿಡಬಾರದು. ಗ್ಯಾಸ್ ಗೀಸರ್ ಇರುವ ಮನೆಯವರು ಗೀಸರನ್ನು ಬಚ್ಚಲಿನ ಹೊರಗೆ ಹಾಕಿಸಿ. ಮುಚ್ಚಿದ ಬಚ್ಚಲಲ್ಲಿ ಒಬ್ಬರಾದ ಮೇಲೆ ಒಬ್ಬರು ಮೀಯುತ್ತಾ ಹೋದರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆ ಇಲ್ಲ. ತಲೆನೋವು, ಹೊಟ್ಟೆ ತೊಳಸು, ಮಂಪರು ಬಂದರೆ ಮೊದಲು ಹೊರಗೆ ಬನ್ನಿ.

ಸುಟ್ಟ ಗಾಯಕ್ಕೆ, ಪಟಾಕಿಯದ್ದಿರಲಿ ಬಾಣಲೆಯದ್ದಿರಲಿ, 20 ನಿಮಿಷ ಹರಿಯುವ ತಣ್ಣೀರು. ಐಸ್ ಬೇಡ, ಟೂತ್‌ಪೇಸ್ಟ್, ಶಾಯಿ, ತುಪ್ಪ ಯಾವುದೂ ಬೇಡ. ಊತ ಬರುವ ಮೊದಲೇ ಬಳೆ, ಉಂಗುರ ತೆಗೆದು, ಶುಭ್ರ ಬಟ್ಟೆ ಮುಚ್ಚಿ ಆಸ್ಪತ್ರೆಗೆ. ಕಣ್ಣಿಗೆ ಕಿಡಿ ಬಿದ್ದರೆ ಉಜ್ಜಬೇಡಿ.

ಇನ್ನು ಹಬ್ಬ ಭಾರವಾಗುವ ಮನೆಗಳ ವಿಷಯ. ಸಾವಾದ ಮನೆಯಲ್ಲಿ ವರ್ಷದವರೆಗೆ ಹಬ್ಬ ಇಲ್ಲ, ನೆರೆಯವರೇ ತಿಂಡಿ ಕಳಿಸುತ್ತಾರೆ. ಇದು ಬಹಳ ತಿಳಿದವರು ಮಾಡಿದ ವ್ಯವಸ್ಥೆ. ದುಃಖದಲ್ಲಿರುವವರಿಗೆ ನಗಬೇಕೆಂಬ ಒತ್ತಾಯ ಇಲ್ಲ, ಆದರೆ ಅವರನ್ನು ಮರೆಯುವುದೂ ಇಲ್ಲ. ಅಂಥವರಿಗೆ 'ಇರುವುದನ್ನು ನೆನೆದು ಸಮಾಧಾನ ಮಾಡಿಕೊ' ಎಂದು ಹೇಳಬೇಡಿ. ತಿಂಡಿಯ ಡಬ್ಬಿ ಕೊಟ್ಟು ಹೊರಟುಬಿಡದೆ ಅರ್ಧ ಗಂಟೆ ಕೂತು, ಹೋದವರ ಹೆಸರೆತ್ತಿ ಮಾತಾಡಿ. ಮನೆಯಲ್ಲಿ ಹೊಡೆತ ತಿನ್ನುವ ಹೆಣ್ಣಿಗೆ ಅನ್ನ ಹಾಕುವವರ ಋಣ ನೆನೆ ಎಂದು ಬುದ್ಧಿ ಹೇಳುವುದು ಅನ್ಯಾಯ. ಅಲ್ಲಿ ಬೇಕಾದದ್ದು ತುರ್ತು ಸಹಾಯದ ಫೋನ್ 112. ಎರಡು ವಾರಕ್ಕಿಂತ ಹೆಚ್ಚು ಕಾಲ ನಿದ್ದೆ, ಹಸಿವು, ಉತ್ಸಾಹ ಇಲ್ಲವಾದರೆ, ಅಥವಾ ಬದುಕು ಸಾಕೆಂಬ ಮಾತು ಒಮ್ಮೆ ಬಂದರೂ, ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಹಗಲು ರಾತ್ರಿ, ಕನ್ನಡದಲ್ಲೇ, ಉಚಿತ. 2022ರ ಅಕ್ಟೋಬರಿನಲ್ಲಿ ಶುರುವಾದ ಸೇವೆ.

ಇಬ್ಬರೇ ವಯಸ್ಸಾದವರು ಉಳಿದಿರುವ ಒಂಟಿಮನೆಗಳು ನಮ್ಮಲ್ಲಿ ಹೆಚ್ಚುತ್ತಿವೆ. ಮಕ್ಕಳು ಬಂದು ಹೋದ ಮರುದಿನ ಅವರಿಗೆ ಹಬ್ಬಕ್ಕಿಂತ ದೊಡ್ಡ ಸುಸ್ತು. ಮಕ್ಕಳಾದವರು ಹೊರಡುವ ಮೊದಲು ತಿಂಗಳ ಮಾತ್ರೆ ತುಂಬಿಸಿ, ಹಾಸಿಗೆ ಬಟ್ಟೆ ಒಗೆದು, ಪಾತ್ರೆ ಅಟ್ಟಕ್ಕೆ ಏರಿಸಿ ಹೋಗಿ. ಅಂಟಿಗೆ ಪಂಟಿಗೆಯವರು ದೀಪ ಹಿಡಿದು ಹಾಡುತ್ತಾ ಮನೆಮನೆಗೆ ಬರುವ ಊರುಗಳಲ್ಲಿ ತಂಡದವರಿಗೆ ಒಂದು ವಿನಂತಿ: ಊರಾಚೆಯ ಒಂಟಿಮನೆಯನ್ನು ಬಿಡಬೇಡಿ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸಿದ್ದೇವೆ.

'ನೋಟ್‌ಬುಕ್ಕಿನಲ್ಲಿ ಒಬ್ಬರದೇ ಹೆಸರು ಪ್ರತಿವಾರ ಬರುತ್ತಿದ್ದರೆ?' ಎಂದು ಒಬ್ಬರು ಕೇಳಿದರು. ಆ ಮನೆಯ ಕೆಲಸದ ಹೊರೆ ಯಾರ ಮೇಲೆ ಬಿದ್ದಿದೆ ಎಂದು ನೋಟ್‌ಬುಕ್ಕೇ ತೋರಿಸಿತು ಎಂದರ್ಥ. ಹೊಗಳಿಕೆಯ ಸಾಲು ಅಲ್ಲಿಗೆ ನಿಲ್ಲಿಸಿ, ಗೋಡೆಯ ಪಟ್ಟಿ ತೆಗೆದು ಅವರ ಹೆಸರಿರುವ ಕೆಲಸಗಳಲ್ಲಿ ಎರಡನ್ನು ಬೇರೆಯವರಿಗೆ ಬರೆಯಿರಿ.

'ತೋಟದ ಕೆಲಸದವರಿಗೆ ಹಬ್ಬಕ್ಕೆ ಬಟ್ಟೆ ಕೊಡುತ್ತೇವೆ, ಸಾಲದೇ?' ಎಂಬುದು ಇನ್ನೊಂದು. ಬಟ್ಟೆ ಕೊಡಿ, ಆದರೆ ಮೊದಲು ಬಾಕಿ ಕೂಲಿ ತೀರಿಸಿ, ಅದೂ ಹಬ್ಬಕ್ಕೆ ನಾಲ್ಕು ದಿನ ಮೊದಲು. ಹಿಂದಿನ ಸಂಜೆ ಕೊಟ್ಟ ದುಡ್ಡಿನಲ್ಲಿ ಸಂತೆ ಮಾಡಲು ಆಗುವುದಿಲ್ಲ, ಸಾಲದ ಅಂಗಡಿಗೆ ಹೋಗಬೇಕಾಗುತ್ತದೆ. ಮಳೆಯಲ್ಲಿ ಜಾರುವ ಅಡಿಕೆ ಮರ ಹತ್ತಿ ಕೊಳೆರೋಗಕ್ಕೆ ಔಷಧಿ ಹೊಡೆದ ಕೊನೆಗೌಡನನ್ನು, ಅಂದರೆ ಕೊನೆ ಕೊಯ್ಯುವವನನ್ನು, ಹಬ್ಬದ ಮರುದಿನವೇ ಕೊನೆ ಇಳಿಸಲು ಕರೆಯಬೇಡಿ. ನಿದ್ದೆಗೆಟ್ಟವರು, ಹಿಂದಿನ ರಾತ್ರಿ ಕುಡಿದವರು ಮರದಿಂದ ಬೀಳುವ ಅಪಾಯ ಹೆಚ್ಚು. ಒಂದು ದಿನ ತಡವಾದರೆ ಅಡಿಕೆ ಹಣ್ಣಾಗಿ ಹೋಗುವುದಿಲ್ಲ. ಅವರ ಮನೆಗೆ ಕಳಿಸುವ ತಿಂಡಿ ಮೂರನೇ ದಿನದ ಹೋಳಿಗೆಯಾಗಿರಬಾರದು, ಮೊದಲ ಒಬ್ಬೆಯದ್ದನ್ನೇ ತೆಗೆದಿಟ್ಟು ಅಂದೇ ಕಳಿಸಿ. ಅಂದೇ ಕಳಿಸಲು ಆಗದಿದ್ದರೆ ಚಕ್ಕುಲಿ, ಕೋಡುಬಳೆಯಂಥ ಒಣ ತಿಂಡಿಯನ್ನು ಪೂರ್ತಿ ಆರಿದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ಹಾಕಿಡಿ, ವಾರದ ಮೇಲೂ ಇರುತ್ತದೆ.